ಗ್ರಾಂ ಲೆಕ್ಕದ ತುತ್ತು

ನಮ್ಮೂರು ಶಂಕರಘಟ್ಟ. ಕುವೆಂಪು ವಿಶ್ವವಿದ್ಯಾಲಯ ಇರೋ ಊರು ಅಂದ್ರೆ ಬೇಗ ಗೊತ್ತಾಗುತ್ತೆ. ನಾನು ಚಿಕ್ಕವನಿದ್ದಾಗ ಅಲ್ಲಿ ಯಾರಿಗಾದರೂ ಫಿಟ್ಸ್ ಬಂದರೆ ಕೈಗೆ ಕಬ್ಬಿಣದ ಬೀಗದ ಕೈ ಹಿಡಿಸೋರು, ಆಮೇಲೆ ದೇವರಿಗೆ ಹರಕೆ ಹೊರೋರು. ಕಳೆದ ಯುಗಾದಿಗೆ ಹೋದಾಗ ಚಿಕ್ಕಪ್ಪನ ಅಡುಗೆಮನೆಯಲ್ಲಿ ಪುಟ್ಟ ಡಿಜಿಟಲ್ ತಕ್ಕಡಿ ಕಂಡೆ. ತಮ್ಮನ ನಾಲ್ಕು ವರ್ಷದ ಮಗಳಿಗೆ ಬೆಣ್ಣೆ, ಮೊಟ್ಟೆ, ಕೊಬ್ಬರಿ ಎಣ್ಣೆ ಎಲ್ಲಾ ಗ್ರಾಂ ಲೆಕ್ಕ. ಅನ್ನ ಇಲ್ಲವೇ ಇಲ್ಲ. ಮೂರು ಥರದ ಮಾತ್ರೆಗೂ ಜಗ್ಗದ ಫಿಟ್ಸ್‌ಗೆ ಡಾಕ್ಟರು ಹೇಳಿದ ಕೀಟೋಜೆನಿಕ್ ಡಯಟ್ ಅದು.

"ಮಗೂನ ಉಪವಾಸ ಕೆಡವ್ತಿದಾರೆ ಕಣೋ" ಅಂತ ಅಜ್ಜಿ ಕಣ್ಣೀರು ಹಾಕಿದರು.

ಅಜ್ಜಿ ಮಾತಿನಲ್ಲಿ ಅರ್ಧ ಇತಿಹಾಸವೇ ಇದೆ. ಈ ಚಿಕಿತ್ಸೆ ಹುಟ್ಟಿದ್ದು ಉಪವಾಸದಿಂದ. ಊಟ ಬಿಟ್ಟರೆ ಮೂರ್ಛೆ ನಿಲ್ಲುತ್ತೆ ಅನ್ನೋದು ಪ್ರಾಚೀನ ಗ್ರೀಕರಿಗೂ ಗೊತ್ತಿತ್ತು. ಆದರೆ ಮಗುವನ್ನ ಎಷ್ಟು ದಿನ ಹಸಿದಿಡೋದು? 1921ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ರಸೆಲ್ ವೈಲ್ಡರ್ ದಾರಿ ಹೇಳಿದರು. ಉಪವಾಸದಲ್ಲಿ ಲಿವರ್ ಕೊಬ್ಬನ್ನು ಕರಗಿಸಿ ಕೀಟೋನ್ ಮಾಡುತ್ತೆ, ಮಿದುಳು ಸಕ್ಕರೆಯ ಬದಲು ಅದನ್ನೇ ಉರಿಸುತ್ತೆ. ಊಟದಲ್ಲೇ ಜಿಡ್ಡು ಹೆಚ್ಚಿಸಿ ಪಿಷ್ಟ ಇಳಿಸಿದರೆ ಹಸಿವಿಲ್ಲದೇ ಅದೇ ಸ್ಥಿತಿ ಬರುತ್ತೆ.

1938ರಲ್ಲಿ ಫೆನಿಟೋಯಿನ್ ಬಂತು. ಮಾತ್ರೆ ನುಂಗೋದು ಸುಲಭ, ತೂಗಿ ಉಣ್ಣಿಸೋದು ಕಷ್ಟ. ಡಯಟ್ ಮೂಲೆ ಸೇರಿತು. ಅದನ್ನ ಮತ್ತೆ ಹೊರಗೆ ತಂದಿದ್ದು ಒಬ್ಬ ಅಪ್ಪ. ಸಿನಿಮಾ ನಿರ್ದೇಶಕ ಜಿಮ್ ಅಬ್ರಹಾಮ್ಸ್ ಮಗ ಚಾರ್ಲಿಗೆ ಔಷಧಿ, ಆಪರೇಷನ್ ಎರಡೂ ಫಲ ಕೊಡಲಿಲ್ಲ. ಅಪ್ಪ ತಾನೇ ಓದಿ ಹುಡುಕಿ, ಮಗನನ್ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಕರೆದೊಯ್ದ. ಡಯಟ್ ಹಿಡಿಸಿದ ಮೇಲೆ ಫಿಟ್ಸ್ ನಿಂತಿತು. 1994ರಲ್ಲಿ ಮಗನ ಹೆಸರಲ್ಲಿ ಸಂಸ್ಥೆಯನ್ನೇ ಕಟ್ಟಿದ.

ಒಂದು ಮನೆಯ ಕಥೆ ಪುರಾವೆ ಆಗಲ್ಲ. 2008ರಲ್ಲಿ ಲಂಡನ್ನಿನಿಂದ 145 ಮಕ್ಕಳ ಪರೀಕ್ಷೆಯ ಫಲಿತಾಂಶ ಬಂತು. ಡಯಟ್ ಗುಂಪಿನ ಶೇ 38 ಮಕ್ಕಳಿಗೆ ಮೂರು ತಿಂಗಳಲ್ಲಿ ಫಿಟ್ಸ್ ಅರ್ಧಕ್ಕಿಂತ ಕೆಳಗಿಳಿದಿತ್ತು. ಮಾಮೂಲಿ ಊಟದವರಲ್ಲಿ ಶೇ 6. 2013ರಲ್ಲಿ ದೆಹಲಿಯ ಏಮ್ಸ್, ಇದರದ್ದೇ ಸಡಿಲ ರೂಪವನ್ನ 102 ಮಕ್ಕಳಲ್ಲಿ ಪರೀಕ್ಷಿಸಿ ಒಳ್ಳೆ ಫಲಿತಾಂಶ ಕಂಡಿತು.

ಹಾಗಂತ ಮನೆಯಲ್ಲೇ ಶುರು ಮಾಡಬೇಡಿ. ಕೊಬ್ಬು ಅರಗಿಸೋಕೆ ಆಗದ ಹುಟ್ಟುದೋಷ ಇರೋ ಮಕ್ಕಳಿಗೆ ಇದು ಅಪಾಯ. ಕಿಡ್ನಿ ಕಲ್ಲು, ಬೆಳವಣಿಗೆ ಎಲ್ಲಾ ಡಾಕ್ಟರು ನೋಡ್ತಾ ಇರಬೇಕು.

ಹಬ್ಬದ ದಿನ ಅಜ್ಜಿ ಗುಟ್ಟಾಗಿ ಮಗುವಿಗೆ ಒಂದು ಚೂರು ಹೋಳಿಗೆ ತಿನ್ನಿಸಿದ್ದರು. ಮಾರನೇ ದಿನ, ಎರಡು ತಿಂಗಳ ನಂತರ, ಮತ್ತೆ ಫಿಟ್ಸ್ ಬಂತು. ಹೋಳಿಗೆಯಿಂದಲೇ ಅಂತ ಯಾರೂ ಅನ್ನಲಿಲ್ಲ. ಆದರೆ ಈಗ ಅಡುಗೆಮನೆಯಲ್ಲಿ ಬೆಣ್ಣೆ ತೂಗೋರು ಅಜ್ಜಿಯೇ, ಕನ್ನಡಕ ಹಾಕ್ಕೊಂಡು.