ಕಾಕ್ಸಿಡಿವೋರಾ

ಉತ್ತರ ಅಮೆರಿಕದ ಪುಟ್ಟ ಮೂತಿಪತಂಗ ಲೆಟೀಲಿಯಾ ಕಾಕ್ಸಿಡಿವೋರಾ. ಹೆಸರಿನ ಎರಡನೆಯ ಪದ 1879ರಲ್ಲಿ ಕೀಟತಜ್ಞ ಜಾನ್ ಹೆನ್ರಿ ಕಾಮ್‌ಸ್ಟಾಕ್ ಇಟ್ಟದ್ದು.

ಗ್ರೀಕ್‌ನಲ್ಲಿ ‘ಕೊಕ್ಕೋಸ್’ ಎಂದರೆ ಕಾಳು. ಓಕ್ ಗಿಡಕ್ಕೆ ಕಚ್ಚಿಕೊಂಡು ಕೆಂಪು ಬಣ್ಣ ಕೊಡುವ ಕೆರ್ಮಿಸ್ ಎಂಬ ಶಲ್ಕಕೀಟವನ್ನು ಪ್ರಾಚೀನರು ಕಾಯಿಯೆಂದೇ ತಿಳಿದಿದ್ದರು. ಹೀಗೆ ಶಲ್ಕಕೀಟಗಳಿಗೆ ‘ಕಾಕ್ಸಿಡ್’ ಎಂಬ ಹೆಸರು ಅಂಟಿತು. ಲ್ಯಾಟಿನ್‌ನ ‘ವೊರಾರೆ’ ಎಂದರೆ ಕಬಳಿಸು. ‘ಕಾರ್ನಿವೋರ್’ ಪದದಲ್ಲಿರುವುದೂ ಅದೇ. ಒಟ್ಟಿನಲ್ಲಿ, ಶಲ್ಕಕೀಟ ಭಕ್ಷಕ.

ಪತಂಗಗಳ ಮರಿಹುಳುಗಳು ಬಹುಪಾಲು ಸಸ್ಯಾಹಾರಿಗಳು. ಕಾಕ್ಸಿಡಿವೋರಾದ ಮರಿಹುಳು ಮಾತ್ರ ಪಾಪಾಸುಕಳ್ಳಿಯ ಮೇಲೆ ರೇಷ್ಮೆನೂಲು ಹೆಣೆದು, ಅದರ ಮರೆಯಲ್ಲಿ ಕಾಚಿನೀಲ್ ಎಂಬ ಶಲ್ಕಕೀಟಗಳನ್ನು ತಿನ್ನುತ್ತದೆ. ಭಾರತದಲ್ಲಿ ಅರಗಿನ ಹುಳುವನ್ನು ತಿಂದು ಬೆಳೆಗಾರರನ್ನು ಕಾಡುವ ಯೂಬ್ಲೆಮ್ಮಾ ಪತಂಗದ ಮರಿಯದೂ ಇದೇ ಚಾಳಿ. ಕುಟುಂಬ ಮಾತ್ರ ಬೇರೆ.