ಕಾನ್ಪುರದಿಂದ ಬಂದ ಪಾಠ

ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣ ಪಾಳೆಯಗಾರರ ಚರಿತ್ರೆಯಲ್ಲಿ ಹೆಸರಾದ ಊರು. ತರೀಕೆರೆಯ ಪಾಳೆಯಗಾರರ ಮೂಲ ನೆಲೆ ಇದೇ. ಕೋಟೆಯ ಕಾಲ ಮುಗಿದು, ಅಡಿಕೆ ತೋಟ ಮತ್ತು ಭತ್ತದ ಗದ್ದೆಗಳ ನಡುವೆ ಬದುಕು ಸಾಗಿಸುತ್ತ ಬಂದ ಈ ಹೋಬಳಿಯ ಮಕ್ಕಳಿಗೆ ಎಂಜಿನಿಯರಿಂಗ್ ಓದಲು ಹತ್ತಿರದ ಬಾಗಿಲುಗಳಲ್ಲೊಂದು ದಾವಣಗೆರೆ. ಅಲ್ಲಿ ಬ್ರಹ್ಮಪ್ಪ ದೇವೇಂದ್ರಪ್ಪ ತವನಪ್ಪನವರ ಹೆಸರಿನ ಬಿ.ಡಿ.ಟಿ. ಕಾಲೇಜು 1951ರಲ್ಲಿ, ಬಾಪೂಜಿ ಎಂಜಿನಿಯರಿಂಗ್ ಕಾಲೇಜು 1979ರಲ್ಲಿ ಆರಂಭವಾದವು. ಕಂಪ್ಯೂಟರ್ ವಿಭಾಗಕ್ಕೆ ಸೇರಿದ ವಿದ್ಯಾರ್ಥಿ ಅಲ್ಲಿ 'ಸಾಫ್ಟ್‌ವೇರ್ ಎಂಜಿನಿಯರಿಂಗ್' ಎಂಬ ಒಂದು ವಿಷಯವನ್ನೂ ಓದಬೇಕಾಗುತ್ತದೆ. ಈ ಪಾಠ ಹುಟ್ಟಿದ್ದು ಎಲ್ಲಿ, ಕನ್ನಡ ನಾಡಿಗೆ ಬಂದ ದಾರಿ ಯಾವುದು ಎಂಬುದನ್ನು ಮಾತ್ರ ಯಾವ ಪಠ್ಯಪುಸ್ತಕವೂ ಹೇಳುವುದಿಲ್ಲ.

ಸಾಫ್ಟ್‌ವೇರ್ ಎಂಜಿನಿಯರಿಂಗ್ ಎಂಬ ಮಾತು ಚಲಾವಣೆಗೆ ಬಂದದ್ದು 1968ರ ಅಕ್ಟೋಬರಿನಲ್ಲಿ. ಜರ್ಮನಿಯ ಗಾರ್ಮಿಶ್ ಎಂಬ ಊರಿನಲ್ಲಿ ನ್ಯಾಟೋ ಆಶ್ರಯದಲ್ಲಿ ನಡೆದ ತಜ್ಞರ ಸಭೆಗೆ ಆ ಹೆಸರನ್ನೇ ಇಟ್ಟಿದ್ದರು. ಅಷ್ಟು ಹೊತ್ತಿಗೆ ಯಂತ್ರಗಳು ದೊಡ್ಡವಾಗಿದ್ದವು, ಅವುಗಳಿಗೆ ಬರೆಯುವ ಪ್ರೋಗ್ರಾಂಗಳು ಇನ್ನೂ ದೊಡ್ಡವಾಗಿದ್ದವು. ಹೇಳಿದ ಸಮಯಕ್ಕೆ ಕೆಲಸ ಮುಗಿಯುತ್ತಿರಲಿಲ್ಲ, ಖರ್ಚು ಮಿತಿ ಮೀರುತ್ತಿತ್ತು, ಮುಗಿದದ್ದರಲ್ಲಿ ತಪ್ಪುಗಳು ತುಂಬಿರುತ್ತಿದ್ದವು. ಹಿತ್ತಿಲಲ್ಲಿ ದನದ ಕೊಟ್ಟಿಗೆ ಕಟ್ಟಬಲ್ಲವನನ್ನು ಕರೆದು ಭದ್ರಾ ಅಣೆಕಟ್ಟು ಕಟ್ಟು ಎಂದರೆ ಏನಾದೀತೋ ಅದೇ ಆಗಿತ್ತು. ಒಬ್ಬನೇ ಕುಳಿತು ಪ್ರೋಗ್ರಾಂ ಬರೆಯುವುದು ಒಂದು ವಿದ್ಯೆ; ನೂರು ಜನ ಸೇರಿ, ಬಳಸುವವರಿಗೆ ಬೇಕಾದುದೇನೆಂದು ಮೊದಲು ಕೇಳಿ, ನಕ್ಷೆ ಹಾಕಿ, ಭಾಗಗಳನ್ನು ಹಂಚಿಕೊಂಡು ಬರೆದು, ಪರೀಕ್ಷಿಸಿ, ಹತ್ತು ವರ್ಷ ದುರಸ್ತಿ ಮಾಡುತ್ತ ಹೋಗುವುದು ಬೇರೆಯೇ ವಿದ್ಯೆ. ಎರಡನೆಯದನ್ನು ಕಲಿಸಬೇಕಾದರೆ ಮೊದಲನೆಯದು ಚೆನ್ನಾಗಿ ಬೇರೂರಿರಬೇಕು. ಭಾರತದಲ್ಲಿ ಆ ಬೇರು ಇಳಿದದ್ದು ಗಾರ್ಮಿಶ್ ಸಭೆಗೆ ಐದು ವರ್ಷ ಮೊದಲು, ಗಂಗೆಯ ದಡದ ಕಾನ್ಪುರದಲ್ಲಿ.

ಸ್ವಾತಂತ್ರ್ಯಾನಂತರ ಸ್ಥಾಪಿಸಿದ ಐ.ಐ.ಟಿ.ಗಳಿಗೆ ಒಂದೊಂದು ದೇಶ ಹೆಗಲು ಕೊಟ್ಟಿತು. ಮುಂಬಯಿಗೆ ಸೋವಿಯತ್ ಒಕ್ಕೂಟ, ಮದರಾಸಿಗೆ ಪಶ್ಚಿಮ ಜರ್ಮನಿ, ದಿಲ್ಲಿಗೆ ಬ್ರಿಟನ್. ಕಾನ್ಪುರ ಅಮೆರಿಕದ ಪಾಲಿಗೆ ಬಂತು. ಅಲ್ಲಿನ ಮೊದಲ ನಿರ್ದೇಶಕ ಪುರುಷೋತ್ತಮ ಕಾಶಿನಾಥ ಕೇಳಕರ್ ಹುಟ್ಟಿದ್ದು 1909ರಲ್ಲಿ, ಧಾರವಾಡದಲ್ಲಿ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಜನ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯುತ್ ಎಂಜಿನಿಯರಿಂಗ್ ಕಲಿತು, ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದು ಮರಳಿದವರು. ಮುಂಬಯಿ ಐ.ಐ.ಟಿ.ಯ ಯೋಜನೆಯಲ್ಲೂ ದುಡಿದಿದ್ದ ಅವರಿಗೆ ವಿದೇಶಿ ನೆರವಿನ ಒಳಹೊರಗು ಗೊತ್ತಿತ್ತು. ಕೊಡುವವರು ತಮಗೆ ತೋಚಿದ್ದನ್ನು ಕೊಟ್ಟು ಹೋಗುವುದು ಒಂದು ಬಗೆ, ಪಡೆಯುವವರು ತಮಗೆ ಬೇಕಾದುದನ್ನು ಕೇಳಿ ಪಡೆಯುವುದು ಇನ್ನೊಂದು. ಕೇಳಕರ್ ಎರಡನೆಯದನ್ನು ಆರಿಸಿಕೊಂಡರು.

1962ರಿಂದ 1972ರವರೆಗೆ ನಡೆದ ಈ ಇಂಡೋ-ಅಮೆರಿಕನ್ ಕಾರ್ಯಕ್ರಮದಲ್ಲಿ ಅಮೆರಿಕದ ಒಂಬತ್ತು ಸಂಸ್ಥೆಗಳಿದ್ದವು: ಎಂ.ಐ.ಟಿ., ಕ್ಯಾಲ್‌ಟೆಕ್, ಬರ್ಕ್ಲಿ, ಪ್ರಿನ್ಸ್‌ಟನ್, ಪರ್ಡ್ಯೂ, ಮಿಷಿಗನ್, ಒಹಾಯೊ ಸ್ಟೇಟ್, ಕಾರ್ನೆಗಿ, ಕೇಸ್. ಅಲ್ಲಿನ ಅಧ್ಯಾಪಕರು ಬಂದು ಇಲ್ಲಿ ಪಾಠ ಮಾಡಿದರು. ಇಲ್ಲಿನ ಅಧ್ಯಾಪಕರು ಅಲ್ಲಿಗೆ ಹೋಗಿ ನೋಡಿ ಬಂದರು. 1963ರ ಆಗಸ್ಟಿನಲ್ಲಿ ಐ.ಬಿ.ಎಂ. 1620 ಎಂಬ ಕಂಪ್ಯೂಟರ್ ಕಾನ್ಪುರಕ್ಕೆ ಬಂತು. ಈ ಯಂತ್ರದ ಸ್ವಭಾವವೇ ವಿಚಿತ್ರ. ಎರಡು ಅಂಕಿಗಳನ್ನು ಕೂಡಬೇಕಾದರೆ ಅದು ತನ್ನ ನೆನಪಿನ ಕೋಶದಲ್ಲಿ ಬರೆದಿಟ್ಟಿದ್ದ ಮಗ್ಗಿಯನ್ನು ನೋಡಿ ಉತ್ತರ ಹೇಳುತ್ತಿತ್ತು. 'ಕೂಡಲು ಬಾರದು, ಪ್ರಯತ್ನವನ್ನೂ ಮಾಡದು' ಎಂದು ಅಮೆರಿಕದ ಹುಡುಗರು ಅದನ್ನು ಗೇಲಿ ಮಾಡುತ್ತಿದ್ದರಂತೆ! ಆದರೂ ಫೋರ್ಟ್ರಾನ್ ಭಾಷೆಯಲ್ಲಿ ಬರೆದದ್ದನ್ನು ಅದು ಅರ್ಥ ಮಾಡಿಕೊಳ್ಳುತ್ತಿತ್ತು. ಆ ಕಾಲಕ್ಕೆ ಅದೇ ದೊಡ್ಡ ಸಂಗತಿ.

ಯಂತ್ರದೊಂದಿಗೆ ಬಂದವರಲ್ಲಿ ಮುಖ್ಯರಾದವರು ಬರ್ಕ್ಲಿಯ ಹ್ಯಾರಿ ಹಸ್ಕಿ. ಎನಿಯಾಕ್ ಯಂತ್ರದ ನಿರ್ಮಾಣದಲ್ಲಿ ಪಾಲ್ಗೊಂಡು, ಇಂಗ್ಲೆಂಡಿನಲ್ಲಿ ಅಲನ್ ಟ್ಯೂರಿಂಗ್ ಜೊತೆ ಕೆಲಸ ಮಾಡಿದ್ದ ಹಿರಿಯರು ಅವರು. ಮುಂದೆ ಪ್ಯಾಸ್ಕಲ್ ಭಾಷೆಯನ್ನು ರೂಪಿಸಿದ ನಿಕ್ಲಾಸ್ ವಿರ್ತ್ ಇವರ ಕೈಕೆಳಗೆ ಸಂಶೋಧನೆ ಮುಗಿಸಿದ್ದು ಅದೇ 1963ರಲ್ಲಿ. ಭಾರತದ ಕಡೆಯಿಂದ ವಿದ್ಯುತ್ ಎಂಜಿನಿಯರಿಂಗ್ ವಿಭಾಗವನ್ನೂ ಕಂಪ್ಯೂಟರ್ ಕೇಂದ್ರವನ್ನೂ ಕಟ್ಟುವ ಹೊಣೆ ಹೊತ್ತವರು ಎಚ್.ಕೆ. ಕೇಶವನ್. ಹೆಸರಿನ ಮೊದಲಕ್ಷರದಲ್ಲೇ ಚಿಕ್ಕಮಗಳೂರಿನ ಪಕ್ಕದ ಹಿರೇಮಗಳೂರನ್ನು ಹೊತ್ತವರು. ಉತ್ತರ ಅಮೆರಿಕದಲ್ಲಿ ಓದಿ ಪಾಠ ಹೇಳುತ್ತಿದ್ದ ಅವರು ಕಾನ್ಪುರದ ಕರೆಗೆ ಓಗೊಟ್ಟು ಬಂದಿದ್ದರು. ಅವರೊಂದಿಗಿದ್ದ ವಿ. ರಾಜಾರಾಮನ್ ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಹಳೆಯ ವಿದ್ಯಾರ್ಥಿ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಪಿಎಚ್.ಡಿ. ಮಾಡಿದವರು. ಕೆನಡಾದಲ್ಲಿ ಸಂಶೋಧನೆ ಮುಗಿಸಿದ ಎಚ್.ಎನ್. ಮಹಾಬಲ ಸ್ವಲ್ಪ ತಡವಾಗಿ ಬಂದು ಸೇರಿದರು.

ಕಾನ್ಪುರದ ನಿಜವಾದ ಹೆಚ್ಚುಗಾರಿಕೆ ಯಂತ್ರದಲ್ಲಿರಲಿಲ್ಲ, ಅದನ್ನು ಬಳಸಿದ ರೀತಿಯಲ್ಲಿತ್ತು. ಕಂಪ್ಯೂಟರನ್ನು ಗಾಜಿನ ಕೋಣೆಯೊಳಗಿಟ್ಟು, ದೂರದಿಂದ ಕೈಮುಗಿದು ಹೋಗುವ ದೇವರನ್ನಾಗಿ ಅಲ್ಲಿ ಮಾಡಲಿಲ್ಲ. ವಿದ್ಯಾರ್ಥಿಗಳೇ ಮುಟ್ಟಿ ನಡೆಸಲು ಬಿಟ್ಟರು. ಸಿವಿಲ್ ಓದಲಿ, ಮೆಕ್ಯಾನಿಕಲ್ ಓದಲಿ, ಪದವಿ ತರಗತಿಯ ಎಲ್ಲರೂ ಪ್ರೋಗ್ರಾಂ ಬರೆಯಲು ಕಲಿಯಬೇಕಿತ್ತು. ಇನ್ನೂ ಮುಖ್ಯವಾದದ್ದು, ಹೊರಗಿನವರಿಗಾಗಿ ನಡೆಸಿದ ಹತ್ತು ದಿನಗಳ ಶಿಬಿರಗಳು. ದೇಶದ ನಾನಾ ಕಡೆಯ ಕಾಲೇಜು ಅಧ್ಯಾಪಕರು, ವಿಜ್ಞಾನಿಗಳು, ಎಂಜಿನಿಯರುಗಳು ಬಂದು, ಫೋರ್ಟ್ರಾನ್ ಕಲಿತು, ತಮ್ಮ ತಮ್ಮ ಊರುಗಳಿಗೆ ಮರಳಿದರು. ಒಂಬತ್ತು ವಿಶ್ವವಿದ್ಯಾಲಯಗಳ ಪಾಠ ಒಂದು ಆವರಣದ ಬೇಲಿ ದಾಟಿದ್ದು ಹೀಗೆ.

1966ರಲ್ಲಿ ದೊಡ್ಡ ಯಂತ್ರವಾದ ಐ.ಬಿ.ಎಂ. 7044 ಬಂತು. ಆಗಿನ ಕಲಿಕೆಯ ಶಿಸ್ತು ಇಂದಿನವರಿಗೆ ಊಹಿಸುವುದೂ ಕಷ್ಟ. ಒಂದೊಂದು ಸಾಲನ್ನೂ ಎಂಬತ್ತು ಕಂಬಸಾಲುಗಳ ರಟ್ಟಿನ ಕಾರ್ಡಿನಲ್ಲಿ ತೂತು ಹೊಡೆದು, ಕಟ್ಟು ಕಟ್ಟಿ, ಕಿಟಕಿಯಲ್ಲಿ ಕೊಟ್ಟು ಬರಬೇಕು. ಸರದಿ ಬಂದಾಗ ಯಂತ್ರ ಓದಿ, ಫಲಿತಾಂಶ ಅಚ್ಚಾಗಿ ಕೈಗೆ ಬರಲು ಎಷ್ಟೋ ಸಲ ಮರುದಿನವಾಗುತ್ತಿತ್ತು. ಒಂದು ಅಲ್ಪವಿರಾಮ ತಪ್ಪಿದರೂ ಆ ದಿನ ಹೋಯಿತು. ಹಾಗಾಗಿ ಕಾಗದದ ಮೇಲೆಯೇ ಹತ್ತು ಸಲ ತಿದ್ದಿ, ಗೆಳೆಯನಿಗೆ ತೋರಿಸಿ, ತಾನೇ ಯಂತ್ರವೆಂದುಕೊಂಡು ಸಾಲು ಸಾಲಾಗಿ ಲೆಕ್ಕ ಹಾಕಿ ನೋಡಿದ ಮೇಲೆ ಕಾರ್ಡಿಗೆ ಕೈ ಹಾಕುತ್ತಿದ್ದರು. ಬರೆದದ್ದನ್ನು ಇನ್ನೊಬ್ಬರಿಂದ ಓದಿಸಿ ಪರಿಶೀಲಿಸುವ ಈ ಅಭ್ಯಾಸವನ್ನೇ ಮುಂದೆ ಸಾಫ್ಟ್‌ವೇರ್ ಎಂಜಿನಿಯರಿಂಗ್ ಗ್ರಂಥಗಳು ದೊಡ್ಡ ಹೆಸರುಗಳಿಟ್ಟು ಬೋಧಿಸಿದವು. ಬಡತನ ಕಲಿಸಿದ್ದನ್ನು ಶ್ರೀಮಂತಿಕೆ ಮತ್ತೆ ಪುಸ್ತಕದಿಂದ ಕಲಿಯಬೇಕಾಯಿತು ಎನ್ನಬಹುದೇನೋ.

ಪಾಠ ಕರ್ನಾಟಕಕ್ಕೆ ಬಂದದ್ದು ಮನುಷ್ಯರ ಮೂಲಕ ಮತ್ತು ಪುಸ್ತಕಗಳ ಮೂಲಕ. ಮೈಸೂರಿನ ಎನ್.ಐ.ಇ. ಕಾಲೇಜಿನಲ್ಲಿ 1967ರಲ್ಲಿ ವಿದ್ಯುತ್ ಎಂಜಿನಿಯರಿಂಗ್ ಪದವಿ ಪಡೆದ ಎನ್.ಆರ್. ನಾರಾಯಣಮೂರ್ತಿ ಕಾನ್ಪುರಕ್ಕೆ ಹೋಗಿ 1969ರಲ್ಲಿ ಎಂ.ಟೆಕ್. ಮುಗಿಸಿದರು. 1981ರಲ್ಲಿ ಗೆಳೆಯರೊಂದಿಗೆ ಇನ್ಫೋಸಿಸ್ ಕಟ್ಟಿದ ಕತೆ ಎಲ್ಲರಿಗೂ ಗೊತ್ತಿದೆ. ಆ ಗೆಳೆಯರಲ್ಲಿ ಒಬ್ಬರಾದ ಕ್ರಿಸ್ ಗೋಪಾಲಕೃಷ್ಣನ್ ಮದರಾಸ್ ಐ.ಐ.ಟಿ.ಯಲ್ಲಿ ಮಹಾಬಲರ ಶಿಷ್ಯ. 1973ರಲ್ಲಿ ಜರ್ಮನ್ ನೆರವಿನಿಂದ ಮದರಾಸಿಗೆ ದೊಡ್ಡ ಕಂಪ್ಯೂಟರ್ ಬಂದಾಗ ಮಹಾಬಲ ಕಾನ್ಪುರ ಬಿಟ್ಟು ಅಲ್ಲಿಗೆ ಹೋಗಿದ್ದರು. ಅಮೆರಿಕದ ನೆರವಿನಲ್ಲಿ ಬೆಳೆದ ಮೇಷ್ಟ್ರು ಜರ್ಮನ್ ನೆರವಿನ ಯಂತ್ರದ ಮುಂದೆ ಪಾಠ ಹೇಳಿದರು.

ರಾಜಾರಾಮನ್ ಕಾನ್ಪುರದ ತಮ್ಮ ತರಗತಿಯ ಟಿಪ್ಪಣಿಗಳನ್ನು 1969ರಲ್ಲಿ ಪುಸ್ತಕವಾಗಿಸಿದರು. ಕಂಪ್ಯೂಟರ್ ಪ್ರೋಗ್ರಾಂ ಬರೆಯುವುದನ್ನು ಕಲಿಸುವ ಈ ಪುಸ್ತಕ ಆಮದಾದ ಪುಸ್ತಕಗಳನ್ನು ಕೊಳ್ಳಲಾಗದ ವಿದ್ಯಾರ್ಥಿಯ ಕೈಗೆ ಎಟುಕುವ ಬೆಲೆಯದಾಗಿತ್ತು. ಕಾನ್ಪುರವನ್ನು ಎಂದೂ ಕಾಣದ, ಕಂಪ್ಯೂಟರನ್ನೇ ನೋಡದ ಸಾವಿರಾರು ಹುಡುಗರು ಫೋರ್ಟ್ರಾನ್ ಕಲಿತದ್ದು ಅವರ ಪುಸ್ತಕಗಳಿಂದ. 1982ರಲ್ಲಿ ಅವರು ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಮರಳಿ 1994ರವರೆಗೆ ಅಲ್ಲಿದ್ದರು. ಸಾಮಾನ್ಯ ಪದವೀಧರರೂ ಕಂಪ್ಯೂಟರ್ ವೃತ್ತಿಗೆ ಬರಲು ದಾರಿ ಮಾಡಿದ ಎಂ.ಸಿ.ಎ. ಎಂಬ ಪದವಿಯ ಹಿಂದೆಯೂ ಅವರ ಅಧ್ಯಕ್ಷತೆಯ ಸಮಿತಿಯ ಶಿಫಾರಸಿತ್ತು. ಬಿ.ಎಸ್ಸಿ. ಮುಗಿಸಿ ಮುಂದೇನೆಂದು ಕುಳಿತಿದ್ದ ಸಣ್ಣ ಊರುಗಳ ಮಕ್ಕಳಿಗೆ ಇದರಿಂದ ಆದ ಉಪಕಾರ ಸಣ್ಣದಲ್ಲ.

ಈ ಸಹಯೋಗಕ್ಕೆ ಇನ್ನೊಂದು ಮುಖವೂ ಇತ್ತು. ಅಮೆರಿಕದ ಪ್ರಾಧ್ಯಾಪಕರಿಂದ ಕಲಿತ ಹುಡುಗರಲ್ಲಿ ಬಹಳ ಮಂದಿ ಅಮೆರಿಕಕ್ಕೇ ಹೊರಟು ಹೋದರು. ಕೇಶವನ್ ಸಹ 60ರ ದಶಕದ ಕೊನೆಗೆ ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯಕ್ಕೆ ಮರಳಿ, ಅಲ್ಲಿ ಸಿಸ್ಟಂಸ್ ಡಿಸೈನ್ ಎಂಬ ಹೊಸ ವಿಭಾಗವನ್ನು ಕಟ್ಟಿದರು. ಬಾಂಗ್ಲಾ ಯುದ್ಧದ ಬಳಿಕ ಎರಡೂ ದೇಶಗಳ ಸಂಬಂಧ ಹಳಸಿದ್ದ ಹೊತ್ತಿನಲ್ಲೇ, 1972ರಲ್ಲಿ, ಕಾನ್ಪುರದ ಕಾರ್ಯಕ್ರಮದ ಅವಧಿ ಮುಗಿಯಿತು. 1978ರಲ್ಲಿ ಐ.ಬಿ.ಎಂ. ಕಂಪೆನಿಯೇ ಭಾರತ ಬಿಟ್ಟಿತು. ಯಂತ್ರ ಕೊಟ್ಟವರು ಹೋದರೂ ಪಾಠ ನಿಲ್ಲಲಿಲ್ಲ. ಹತ್ತು ವರ್ಷಗಳಲ್ಲಿ ಇಲ್ಲಿ ಮೇಷ್ಟ್ರುಗಳು ತಯಾರಾಗಿದ್ದರು ಎಂಬುದೇ ಇದಕ್ಕೆ ಕಾರಣ.

ಸಾಫ್ಟ್‌ವೇರ್ ಎಂಜಿನಿಯರಿಂಗ್ ಒಂದು ಪ್ರತ್ಯೇಕ ವಿಷಯವಾಗಿ ನೆಲೆಯಾದದ್ದು ಅನಂತರ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿ ಕಾನ್ಪುರಕ್ಕೆ ಮರಳಿದ ಪಂಕಜ್ ಜಲೋಟೆ 1991ರಲ್ಲಿ ಈ ವಿಷಯಕ್ಕೆ ಪಠ್ಯಪುಸ್ತಕ ಬರೆದರು. ಬಳಿಕ 1996ರಿಂದ ಎರಡು ವರ್ಷ ಬೆಂಗಳೂರಿನಲ್ಲಿ ಇನ್ಫೋಸಿಸ್ ಸೇರಿ, ಅಲ್ಲಿ ಕೆಲಸ ನಡೆಯುವ ಬಗೆಯನ್ನು ಕುರಿತು ಇನ್ನೊಂದು ಪುಸ್ತಕ ತಂದರು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಸ್ಥೆಯೊಂದು ಸಾಫ್ಟ್‌ವೇರ್ ಕಂಪೆನಿಗಳ ಶಿಸ್ತನ್ನು ಐದು ಮೆಟ್ಟಿಲುಗಳಲ್ಲಿ ಅಳೆಯುವ ಅಳತೆಗೋಲು ಮಾಡಿತ್ತು. ಅದರ ಐದನೆಯ ಮೆಟ್ಟಿಲನ್ನು ಜಗತ್ತಿನಲ್ಲೇ ಮೊದಮೊದಲು ಏರಿದವರಲ್ಲಿ ಬೆಂಗಳೂರಿನ ಮೊಟೊರೊಲಾ ಕೇಂದ್ರವೂ ಒಂದು. ತರಗತಿಯ ಪಾಠವನ್ನು ಕಾರ್ಖಾನೆ ಮೀರಿಸಿದ ಕಾಲ ಅದು. ಅದರ ದುಷ್ಪರಿಣಾಮವೂ ಕಾಲೇಜುಗಳ ಮೇಲಾಯಿತು. ಕಲಿಸಬಲ್ಲವರು ಹೆಚ್ಚಿನ ಸಂಬಳಕ್ಕೆ ಕಂಪೆನಿ ಸೇರಿದರು.

ಇಲ್ಲಿ ಚನ್ನಗಿರಿ ತಾಲ್ಲೂಕು ಮತ್ತೆ ಕತೆಯೊಳಗೆ ಬರುತ್ತದೆ. 1996ರಿಂದ 1999ರವರೆಗೆ ಮುಖ್ಯಮಂತ್ರಿಯಾಗಿದ್ದ ಜೆ.ಎಚ್. ಪಟೇಲರು ಇದೇ ತಾಲ್ಲೂಕಿನ ಕಾರಿಗನೂರಿನವರು. 1967ರಲ್ಲಿ ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿ ಹೆಸರಾದವರು. ಅವರ ಕಾಲದಲ್ಲಿ, 1997ರಲ್ಲಿ, ರಾಜ್ಯ ತನ್ನ ಮಾಹಿತಿ ತಂತ್ರಜ್ಞಾನ ನೀತಿಯನ್ನು ಪ್ರಕಟಿಸಿತು. ಅದೇ ವರ್ಷ ದಾವಣಗೆರೆ ಜಿಲ್ಲೆಯಾಯಿತು. ಅಲ್ಲಿಯವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿದ್ದ ಚನ್ನಗಿರಿ ಅದಕ್ಕೆ ಸೇರಿತು. 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, 1999ರಲ್ಲಿ ಬೆಂಗಳೂರಿನಲ್ಲಿ ಐ.ಐ.ಐ.ಟಿ. ಸ್ಥಾಪನೆಯಾದವು. ಬೇರೆ ಬೇರೆ ವಿಶ್ವವಿದ್ಯಾಲಯಗಳಿಗೆ ಸೇರಿದ್ದ ಎಂಜಿನಿಯರಿಂಗ್ ಕಾಲೇಜುಗಳು ಬೆಳಗಾವಿಯ ಒಂದೇ ಪಠ್ಯಕ್ರಮಕ್ಕೆ ಬಂದವು. ದಾವಣಗೆರೆಯಲ್ಲಿ ಕುಳಿತವನೂ ಬೆಂಗಳೂರಿನಲ್ಲಿ ಕುಳಿತವನೂ ಬ್ರಿಟನ್ನಿನ ಇಯಾನ್ ಸಮರ್‌ವಿಲ್ ಬರೆದ ಅದೇ ಸಾಫ್ಟ್‌ವೇರ್ ಎಂಜಿನಿಯರಿಂಗ್ ಪುಸ್ತಕವನ್ನು ಓದತೊಡಗಿದರು. ಬೆಂಗಳೂರಿನ ಐ.ಐ.ಐ.ಟಿ.ಯಲ್ಲಿ ಪಾಠ ಹೇಳಿದವರಲ್ಲಿ ನಿವೃತ್ತರಾಗಿದ್ದ ಮಹಾಬಲರೂ ಇದ್ದರು.

ಪುಸ್ತಕ ಒಂದೇ ಆದರೂ ಅದನ್ನು ಕಲಿಸುವವರು ಒಂದೇ ಮಟ್ಟದವರಾಗಿರಲಿಲ್ಲ. ಕಾನ್ಪುರದ ಹತ್ತು ದಿನಗಳ ಶಿಬಿರದ ವಿಚಾರ ಸುಮಾರು ನಲವತ್ತು ವರ್ಷಗಳ ನಂತರ ಮೈಸೂರಿನಲ್ಲಿ ಮತ್ತೊಂದು ರೂಪದಲ್ಲಿ ಮರುಹುಟ್ಟು ಪಡೆದದ್ದು ಈ ಕೊರತೆಯಿಂದಲೇ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಲೋವೆಲ್ ಆವರಣದಲ್ಲಿ ಪ್ರಾಧ್ಯಾಪಕರಾಗಿದ್ದ ಕೃಷ್ಣ ವೇದುಲ ಅವರ ಮುಂದಾಳುತನದಲ್ಲಿ 2007ರಲ್ಲಿ ಎಂಜಿನಿಯರಿಂಗ್ ಶಿಕ್ಷಣಕ್ಕಾಗಿ ಇಂಡೋ-ಅಮೆರಿಕನ್ ಸಹಯೋಗ ಸಂಸ್ಥೆಯೊಂದು ರೂಪುಗೊಂಡಿತು. 2008ರ ಬೇಸಿಗೆಯಲ್ಲಿ ಮೈಸೂರಿನ ಇನ್ಫೋಸಿಸ್ ಆವರಣದಲ್ಲಿ ಅಮೆರಿಕದ ಅಧ್ಯಾಪಕರು ಭಾರತದ ನಾನಾ ಕಾಲೇಜುಗಳ ನೂರಾರು ಅಧ್ಯಾಪಕರಿಗೆ ವಾರಗಟ್ಟಲೆ ಶಿಬಿರ ನಡೆಸಿದರು. ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜು, ಅಂದರೆ ಇಂದಿನ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯ, ಈ ಕೆಲಸದ ಒಂದು ನೆಲೆಯಾಯಿತು. ಇಲ್ಲಿ ಯಂತ್ರದ ಮಾತೇ ಇರಲಿಲ್ಲ. ವಿದ್ಯಾರ್ಥಿಗೆ ಬರೆಸುವುದನ್ನು ಬಿಟ್ಟು ಮಾಡಿಸುವುದು ಹೇಗೆ, ನಾಲ್ವರ ತಂಡಕ್ಕೆ ಒಂದು ಕೆಲಸ ಕೊಟ್ಟು ಅಂಕ ಹಂಚುವುದು ಹೇಗೆ ಎಂಬಂಥ ಪ್ರಶ್ನೆಗಳು ಮುನ್ನೆಲೆಗೆ ಬಂದವು.

ಅತಿ ಕಡಿಮೆ ಕೆಲಸ ನಡೆದಿರುವುದು ಭಾಷೆಯ ವಿಷಯದಲ್ಲಿ. ಬಸವಾಪಟ್ಟಣದ ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲಿ ಓದಿ ಬಂದವರಿಗೆ ಈ ಪಾಠ ಮೊದಲ ದಿನದಿಂದ ಇಂಗ್ಲಿಷಿನಲ್ಲೇ ಎದುರಾಗುತ್ತದೆ. 2021ರಲ್ಲಿ ಪ್ರಾದೇಶಿಕ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ಎ.ಐ.ಸಿ.ಟಿ.ಇ. ಅನುಮತಿ ಕೊಟ್ಟಾಗ ರಾಜ್ಯದ ಕೆಲವು ಕಾಲೇಜುಗಳು ಕನ್ನಡ ಮಾಧ್ಯಮದ ಸೀಟುಗಳನ್ನು ತೆರೆದವು. ಸೇರಲು ಬಂದವರು ತೀರ ಕಡಿಮೆ. ಕೆಲಸ ಕೊಡುವ ಕಂಪೆನಿ ಇಂಗ್ಲಿಷಿನಲ್ಲಿ ಸಂದರ್ಶನ ನಡೆಸುವಾಗ ಯಾವ ತಂದೆತಾಯಿ ತಾನೇ ಮಗುವನ್ನು ಆ ಸೀಟಿಗೆ ಕಳಿಸಿಯಾರು?

ವಿದೇಶಿ ಸಹಯೋಗದ ರೂಪವೂ ಈಗ ಬದಲಾಗಿದೆ. 2023ರಲ್ಲಿ ಯು.ಜಿ.ಸಿ. ವಿದೇಶಿ ವಿಶ್ವವಿದ್ಯಾಲಯಗಳು ಇಲ್ಲಿಯೇ ಆವರಣ ತೆರೆಯಲು ನಿಯಮ ಮಾಡಿತು. ಅದರಂತೆ 2025ರಲ್ಲಿ ಬೆಂಗಳೂರಿನಲ್ಲಿ ಆವರಣ ತೆರೆಯಲು ಒಪ್ಪಿಗೆ ಪಡೆದದ್ದು ಲಿವರ್‌ಪೂಲ್ ವಿಶ್ವವಿದ್ಯಾಲಯ. ಧಾರವಾಡದಲ್ಲಿ ಹುಟ್ಟಿದ ಕೇಳಕರ್ ಹಡಗು ಹತ್ತಿ ಹೋಗಿ ಪಿಎಚ್.ಡಿ. ಪಡೆದ ಅದೇ ವಿಶ್ವವಿದ್ಯಾಲಯ. ಅದು ಇಲ್ಲಿ ಕಲಿಸಲಿರುವುದಾಗಿ ಹೇಳಿರುವ ವಿಷಯಗಳಲ್ಲಿ ಕಂಪ್ಯೂಟರ್ ವಿಜ್ಞಾನವೂ ಒಂದು. ಆದರೆ ಕಾನ್ಪುರದಲ್ಲಿ ಹೊರಗಿನ ಕಾಲೇಜುಗಳ ಅಧ್ಯಾಪಕರಿಗೆ ತೆರೆದಿದ್ದಂಥ ಬಾಗಿಲು ಈ ಹೊಸ ಆವರಣಗಳಲ್ಲಿ ಇರಬೇಕೆಂದು ಯಾರೂ ಷರತ್ತು ಹಾಕಿದಂತಿಲ್ಲ.