ಅತಿಥಿ ಶಿಕ್ಷಕರು

ಕರ್ನಾಟಕದ ಸರ್ಕಾರಿ ಪ್ರಾಥಮಿಕ ಮತ್ತು ಪ್ರೌಢಶಾಲೆಗಳ ಖಾಲಿ ಹುದ್ದೆಗಳಿಗೆ ಕಾಯಂ ನೇಮಕಾತಿ ಅಥವಾ ವರ್ಗಾವಣೆಯಿಂದ ಶಿಕ್ಷಕರು ಬರುವವರೆಗೆ ಗೌರವಧನದ ಮೇಲೆ ನಿಯೋಜನೆಗೊಳ್ಳುವ ತಾತ್ಕಾಲಿಕ ಬೋಧಕರು. ಶಾಲಾ ಶಿಕ್ಷಣ ಇಲಾಖೆ ತಾಲ್ಲೂಕುವಾರು ಸಂಖ್ಯೆ ಹಂಚುತ್ತದೆ. ಆಯ್ಕೆ ಮುಖ್ಯ ಶಿಕ್ಷಕರು ಹಾಗೂ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಮೂಲಕ ನಡೆಯುತ್ತದೆ. ಡಿ.ಇಡಿ. ಅಥವಾ ಬಿ.ಇಡಿ. ವಿದ್ಯಾರ್ಹತೆ ಬೇಕು. ಅವಧಿ ಒಂದು ಶೈಕ್ಷಣಿಕ ವರ್ಷವನ್ನು ಮೀರುವುದಿಲ್ಲ. ಬೇಸಿಗೆ ರಜೆಗೆ ಗೌರವಧನವಿಲ್ಲ. ಸೇವಾ ಭದ್ರತೆ, ಪಿಂಚಣಿಯೂ ಇಲ್ಲ. ಪ್ರಾಥಮಿಕ ಶಾಲೆಯಲ್ಲಿ 10,000, ಪ್ರೌಢಶಾಲೆಯಲ್ಲಿ 10,500 ರೂಪಾಯಿ ಇದ್ದ ಮಾಸಿಕ ಗೌರವಧನವನ್ನು 2025-26ರ ರಾಜ್ಯ ಬಜೆಟ್ 2,000 ರೂಪಾಯಿ ಹೆಚ್ಚಿಸಿತು.

ಸ್ಥಳೀಯ ತೊಡಕುಗಳಿಗೆ ಬೆಳಗಾವಿ ನಗರ ಮತ್ತು ಖಾನಾಪುರ ತಾಲ್ಲೂಕು ಉದಾಹರಣೆ; ಎರಡೂ ಬೆಳಗಾವಿ ಶೈಕ್ಷಣಿಕ ಜಿಲ್ಲೆಗೆ ಸೇರಿವೆ. ಎರಡರಲ್ಲೂ ಕನ್ನಡ, ಮರಾಠಿ ಮಾಧ್ಯಮಗಳಿರುವುದರಿಂದ ಒಂದು ಮಾಧ್ಯಮದ ಕೊರತೆಯನ್ನು ಇನ್ನೊಂದರ ಶಿಕ್ಷಕರಿಂದ ತುಂಬುವುದು ಕಷ್ಟ. ಖಾನಾಪುರದ ಜಾಂಬೋಟಿ, ಕಣಕುಂಬಿ, ಭೀಮಗಡ ಭಾಗದ ಊರುಗಳು ಸಹ್ಯಾದ್ರಿಯ ಕಾಡಿನಲ್ಲಿದ್ದು, ಮಳೆಗಾಲದಲ್ಲಿ ಸಂಚಾರ ದುಸ್ತರ. ಅತಿಥಿ ಶಿಕ್ಷಕರ ಓಡಾಟದ ಖರ್ಚು ಗೌರವಧನದಿಂದಲೇ ಹೋಗಬೇಕು.

ವೃತ್ತಿ ತರಬೇತಿಯೇ ಈ ವ್ಯವಸ್ಥೆಯ ದುರ್ಬಲ ಭಾಗ. ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್), ಕ್ಷೇತ್ರ ಮತ್ತು ಸಮೂಹ ಸಂಪನ್ಮೂಲ ಕೇಂದ್ರಗಳ ಸೇವಾನಿರತ ತರಬೇತಿ ಮುಖ್ಯವಾಗಿ ಕಾಯಂ ಶಿಕ್ಷಕರನ್ನು ಉದ್ದೇಶಿಸಿದ್ದು. ಚಟುವಟಿಕೆ ಆಧಾರಿತ ನಲಿಕಲಿ ಪದ್ಧತಿಯಲ್ಲಿ ಈ ತರಬೇತಿ ಸಿಗದಿರುವುದರ ಪರಿಣಾಮ ಸ್ಪಷ್ಟ: 1ರಿಂದ 3ನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗಳಾಗಿ ಕೂರುತ್ತಾರೆ; ಒಂದೊಂದು ಮಗು ಕಲಿಕಾ ಏಣಿಯ (ಕಲಿಕೆಯ ಹಂತಗಳ ಕ್ರಮ) ಒಂದೊಂದು ಮೆಟ್ಟಿಲಲ್ಲಿರುತ್ತದೆ, ಅದಕ್ಕೆ ತಕ್ಕ ಚಟುವಟಿಕೆ ಕಾರ್ಡನ್ನು ಶಿಕ್ಷಕರು ಆರಿಸಿಕೊಡಬೇಕು. ಪದವಿ ಮಾತ್ರದಿಂದ ಇದು ಕೈವಶವಾಗದು. ಗೌರವಧನ ಹೆಚ್ಚಳ, ಸೇವಾ ಭದ್ರತೆ ಮತ್ತು ನೇಮಕಾತಿಯಲ್ಲಿ ಕೃಪಾಂಕ ಅತಿಥಿ ಶಿಕ್ಷಕರ ಪ್ರಮುಖ ಬೇಡಿಕೆಗಳು.